ಬೋನಾಫೈಡ್: ನಂಬಿಕೆ ಅನ್ನೋ ಮಾತು ಕಾಗದವಾದ ಕಥೆ

ಹೋದ ತಿಂಗಳು ನಮ್ಮ ಓಣಿಯ ಹುಡುಗಿಯೊಬ್ಬಳ ಜೊತೆ ಅವಳ ಕಾಲೇಜಿಗೆ ಹೋಗಿದ್ದೆ. ಅಪ್ಪ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದಾನೆ. ಅವ್ವನಿಗೆ ಆಫೀಸು, ಅರ್ಜಿ ಅಂದರೆ ಭಯ. ವಿದ್ಯಾರ್ಥಿವೇತನದ ಅರ್ಜಿಗೆ ಎರಡೇ ದಿನ ಉಳಿದಿತ್ತು.

"ಸರ, ಬೋನಾಫೈಡ್ ಒಂದು ಬೇಕಾಗಿತ್ರಿ."

"ಫೀ ಬಾಕಿ ಐತಲ್ಲವ್ವ. ಕಟ್ಟಿ ಬಾ, ಕೊಡ್ತೀನಿ."

"ವಿದ್ಯಾರ್ಥಿವೇತನ ಬಂದ್ರನ ಫೀ ಕಟ್ಟೋದ್ರಿ ಸರ. ಅದಕ್ಕ ಬೋನಾಫೈಡ್ ಬೇಕ್ರಿ."

ಗುಮಾಸ್ತರು ಕೆಟ್ಟವರಲ್ಲ. ಹುಡುಗಿಯ ಹೆಸರು ಹಿಡಿದೇ ಕರೆದರು, ಅಪ್ಪ ಊರಿಗೆ ಯಾವಾಗ ಬರ್ತಾನೆ ಅಂತಲೂ ಕೇಳಿದರು. ಎರಡು ವರ್ಷದಿಂದ ದಿನಾ ನೋಡುತ್ತಿರುವ ಹುಡುಗಿ. ಆದರೂ ಅವಳು ಇಲ್ಲಿ ಓದುತ್ತಿದ್ದಾಳೆ ಅನ್ನೋದಕ್ಕೆ ಕಾಗದ ಬೇಕು, ಆ ಕಾಗದಕ್ಕೆ ಮೊದಲು ದುಡ್ಡು ಬೇಕು. ಪ್ರಿನ್ಸಿಪಾಲರು ಮಧ್ಯಾಹ್ನದ ಮೇಲೆ ಬರುತ್ತಾರೆ ಅಂದರು. ನಾವು ಬೇವಿನ ಮರದ ಕೆಳಗೆ ಕೂತೆವು.

ಕೂತಾಗ ಅವಳೇ ಕೇಳಿದಳು, "ಅಣ್ಣಾ, ಬೋನಾಫೈಡ್ ಅಂದ್ರ ಏನು?" ಡಿಪ್ಲೊಮಾ ಮಾಡಿದವನು ನಾನು, ಇಷ್ಟು ವರ್ಷ ಸುದ್ದಿ ಬರೆದವನು. ಅಲ್ಲಿ "ಖರೇ ಅಂತ ಅರ್ಥ" ಎಂದು ಹೇಳಿ ತಪ್ಪಿಸಿಕೊಂಡೆ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲಿಷಿನವರು ಈ ಪದವನ್ನು ಲ್ಯಾಟಿನ್ ಭಾಷೆಯಿಂದ ಎತ್ತಿಕೊಂಡರು. ಅದು ಹಳೆಯ ರೋಮ್ ಸಾಮ್ರಾಜ್ಯದ ಭಾಷೆ. ಮೂಲದಲ್ಲಿ ಅದು ಎರಡು ಪದ. 'ಬೊನಾ' ಅಂದರೆ ಒಳ್ಳೆಯ, 'ಫಿದೇ' ಅಂದರೆ ನಂಬಿಕೆಯಿಂದ. ಎರಡೂ ಸೇರಿದರೆ 'ಒಳ್ಳೆಯ ನಂಬಿಕೆಯಿಂದ'. ವಸ್ತುವಿನ ಗುಣ ಹೇಳುವ ಮಾತೇ ಅಲ್ಲ ಇದು. ಮನುಷ್ಯ ಒಂದು ಕೆಲಸವನ್ನು ಯಾವ ಮನಸ್ಸಿನಿಂದ ಮಾಡಿದ ಅನ್ನೋದನ್ನು ಹೇಳುವ ಮಾತು.

ರೋಮಿನವರಿಗೆ ಈ ನಂಬಿಕೆ ಒಬ್ಬ ದೇವತೆ. ಹೆಸರು ಫಿದೇಸ್. ಅವಳಿಗೆ ಗುಡಿಯೂ ಇತ್ತು. ಅವಳ ಪೂಜೆ ಮಾಡುವಾಗ ಪೂಜಾರಿಗಳು ಕೈಗೆ ಬೆರಳತನಕ ಬಟ್ಟೆ ಸುತ್ತಿಕೊಳ್ಳಬೇಕಿತ್ತಂತೆ. ನಂಬಿಕೆ ಇರುವುದು ಬಲಗೈಯಲ್ಲಿ, ಅದನ್ನು ಜೋಪಾನ ಮಾಡಬೇಕು ಅನ್ನೋ ಭಾವ. ನಮ್ಮಲ್ಲೂ ದನದ ವ್ಯಾಪಾರ ಮುಗಿದ ಮೇಲೆ ಕೈ ಮೇಲೆ ಕೈ ಹಾಕುತ್ತಾರಲ್ಲ, ಅದು ನೆನಪಾಯಿತು.

ದೇವತೆ ಇದ್ದಳು ಅಂದ ಮಾತ್ರಕ್ಕೆ ಮೋಸ ಇರಲಿಲ್ಲ ಅಂತಲ್ಲ. ಸಿಸೆರೊ ಅನ್ನುವ ರೋಮನ್ ವಕೀಲ ಕ್ರಿ.ಪೂ. 44ರಲ್ಲಿ ಮನುಷ್ಯನ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಂದು ಪ್ರಸಂಗ ಇದೆ, ನನ್ನ ಮಾತಿನಲ್ಲಿ ಹೇಳುತ್ತೇನೆ.

ಕಾನಿಯಸ್ ಅನ್ನುವ ಸಿರಿವಂತನೊಬ್ಬ ಸಿರಾಕ್ಯೂಸ್ ಅನ್ನುವ ಸಮುದ್ರದಂಡೆಯ ಊರಿಗೆ ಹೋಗಿ, ಅಲ್ಲೊಂದು ತೋಟ ಕೊಳ್ಳಬೇಕು ಅಂತ ಹೇಳಿಕೊಂಡು ತಿರುಗಿದ. ಅಲ್ಲಿಯ ಲೇವಾದೇವಿಗಾರ ಪಿಥಿಯಸ್, ನಮ್ಮದೊಂದು ತೋಟ ಇದೆ, ಮಾರಾಟಕ್ಕಿಲ್ಲ, ಬೇಕಾದರೆ ನಿಮ್ಮದೇ ಅಂತ ತಿಳಿದು ಬಳಸಿ ಅಂದ. ನಾಳೆ ಊಟಕ್ಕೆ ಬನ್ನಿ ಅಂತಲೂ ಕರೆದ. ಆಮೇಲೆ ಮೀನುಗಾರರನ್ನು ಕರೆಸಿ, ನಾಳೆ ನನ್ನ ತೋಟದ ಎದುರಿಗೇ ಮೀನು ಹಿಡಿಯಬೇಕು ಅಂತ ಗೊತ್ತುಮಾಡಿದ. ಮರುದಿನ ಕಾನಿಯಸ್ ಬಂದು ನೋಡಿದರೆ ತೋಟದ ಮುಂದೆ ದೋಣಿಗಳ ಜಾತ್ರೆ. ಒಬ್ಬೊಬ್ಬನೂ ಮೀನು ತಂದು ಪಿಥಿಯಸನ ಕಾಲ ಬಳಿ ಸುರಿಯುತ್ತಿದ್ದಾನೆ. ಇಡೀ ಊರಿನ ಮೀನೆಲ್ಲ ಸಿಗೋದು ಇಲ್ಲೇ ಅಂತ ಪಿಥಿಯಸ್ ಹೇಳಿದ. ಕಾನಿಯಸನಿಗೆ ಆಸೆ ಹುಟ್ಟಿತು. ಕೊಡು ಅಂತ ಗಂಟು ಬಿದ್ದ. ಅವನು ಒಲ್ಲೆ ಒಲ್ಲೆ ಅನ್ನುತ್ತಲೇ ಕೇಳಿದಷ್ಟು ಬೆಲೆಗೆ ಬರೆದುಕೊಟ್ಟ.

ಮರುದಿನ ಕಾನಿಯಸ್ ಗೆಳೆಯರನ್ನು ಕರೆದ. ಒಂದು ದೋಣಿಯೂ ಇಲ್ಲ, ಒಂದು ಹುಟ್ಟೂ ಇಲ್ಲ. ಇವತ್ತು ಮೀನುಗಾರರಿಗೆ ರಜೆಯೇ ಅಂತ ಪಕ್ಕದ ಮನೆಯವನನ್ನು ಕೇಳಿದ. ರಜೆ ಇಲ್ಲ, ಇಲ್ಲಿ ಯಾರೂ ಮೀನು ಹಿಡಿಯೋದೇ ಇಲ್ಲ, ನಿನ್ನೆ ಏನಾಗಿತ್ತೋ ಅಂತ ನನಗೇ ಸೋಜಿಗ ಆಗಿತ್ತು ಅಂದ ಅವನು.

ರಸ್ತೆ ಬದಿಯ ಲೇಔಟಿನಲ್ಲಿ ಭಾನುವಾರ ಬಾಡಿಗೆ ಕಾರು ನಿಲ್ಲಿಸಿ, ಗಿರಾಕಿ ತುಂಬಿದಂತೆ ತೋರಿಸಿ ಸೈಟು ಮಾರುವವರನ್ನು ನೋಡಿದವರಿಗೆ ಪಿಥಿಯಸ್ ಹೊಸಬನಲ್ಲ.

ಕಾನಿಯಸ್ ಸಿಟ್ಟಾದ. ಆದರೆ ಅವನು ಮಾಡುವಂಥದ್ದು ಏನೂ ಇರಲಿಲ್ಲ. ರೋಮಿನ ಹಳೆಯ ಕಾನೂನಿನಲ್ಲಿ ಬಾಯಿಮಾತಿನ ಕರಾರಿಗೆ ಒಂದು ಕಟ್ಟಳೆ ಇತ್ತು. ಕೊಡ್ತೀಯಾ ಅಂತ ಒಬ್ಬ ಕೇಳಬೇಕು, ಕೊಡ್ತೀನಿ ಅಂತ ಇನ್ನೊಬ್ಬ ಹೇಳಬೇಕು. ಮಾತು ಮಾತಿಗೆ ಸರಿಹೊಂದಿದರೆ ಮುಗಿಯಿತು, ಒಳಗಿನ ಮನಸ್ಸನ್ನು ಯಾರೂ ಕೇಳುತ್ತಿರಲಿಲ್ಲ. ಕೊಡುವುದು, ಕೊಳ್ಳುವುದು, ಬಾಡಿಗೆ, ಪಾಲುದಾರಿಕೆ, ತಬ್ಬಲಿ ಮಕ್ಕಳ ಆಸ್ತಿ ನೋಡಿಕೊಳ್ಳುವುದು ಮುಂತಾದ ವ್ಯವಹಾರಗಳಲ್ಲಿ ಮಾತ್ರ ನ್ಯಾಯಾಧೀಶನಿಗೆ 'ಒಳ್ಳೆಯ ನಂಬಿಕೆಯ ಪ್ರಕಾರ ತೀರ್ಮಾನ ಮಾಡು' ಅನ್ನುವ ಮಾತು ಸೇರಿಸಿ ಕೊಡುವ ರೂಢಿ ಬೆಳೆಯಿತು. ಉದ್ದೇಶಪೂರ್ವಕ ಮೋಸವನ್ನು ಹಿಡಿಯಲು ಸಿಸೆರೊನ ಗೆಳೆಯ ಅಕ್ವಿಲಿಯಸ್ ನಿಯಮ ರೂಪಿಸಿದ್ದು ಕಾನಿಯಸ್ ಕೆಟ್ಟ ಮೇಲೆ. ಅಂದರೆ ಬೋನಾಫೈಡ್ ಅನ್ನೋದು ಕಾಗದಕ್ಕೂ ಕಟ್ಟಳೆಗೂ ಎದುರಾಗಿ ಹುಟ್ಟಿದ ಮಾತು. ಅಕ್ಷರ ಸರಿ ಇದ್ದರೆ ಸಾಲದು, ಮನಸ್ಸೂ ಸರಿ ಇರಬೇಕು ಅಂತ ಹೇಳಲಿಕ್ಕೆ ಬಂದದ್ದು.

ಇಂಗ್ಲೆಂಡಿನ ಕಾನೂನಿಗೆ ಈ ಪದ ಬಂದದ್ದು 16ನೇ ಶತಮಾನದಲ್ಲಿ. ಸಾಲಗಾರರು ಸಾಲ ಕೊಟ್ಟವರಿಗೆ ಕೈ ಎತ್ತಲು ಆಸ್ತಿಯನ್ನು ಬೇರೆಯವರ ಹೆಸರಿಗೆ ಬರೆದುಕೊಡುವುದು ಆಗಲೂ ಇತ್ತು. ಇದನ್ನು ತಡೆಯಲು 1571ರಲ್ಲಿ ಕಾನೂನು ಬಂತು. ಅಂಥ ವರ್ಗಾವಣೆ ನಡೆಯದು, ಆದರೆ ನಿಜವಾದ ಬೆಲೆ ಕೊಟ್ಟು ಬೋನಾಫೈಡ್ ಆಗಿ ಕೊಂಡವನಿಗೆ ತೊಂದರೆ ಇಲ್ಲ ಅಂತ ಅದರಲ್ಲಿತ್ತು.

ಇನ್ನು ಕುರಿಯ ಕಥೆ. ಹ್ಯಾಂಪ್‌ಶೈರ್ ಕಡೆಯ ಟ್ವೈನ್ ಅನ್ನುವವನಿಗೆ ಪಿಯರ್ಸ್ ಅನ್ನುವವನು 400 ಪೌಂಡ್ ಕೊಡಬೇಕಿತ್ತು. ಇನ್ನೊಬ್ಬನಿಗೂ 200 ಪೌಂಡ್ ಸಾಲ. ಆ ಇನ್ನೊಬ್ಬ ದಾವೆ ಹೂಡಿದ. ದಾವೆ ನಡೆಯುತ್ತಿರುವಾಗಲೇ ಪಿಯರ್ಸ್ ತನ್ನಲ್ಲಿದ್ದ ಸುಮಾರು 300 ಪೌಂಡಿನ ಸಾಮಾನು, ಕುರಿ ಎಲ್ಲವನ್ನೂ ಗುಟ್ಟಾಗಿ ಟ್ವೈನ್ ಹೆಸರಿಗೆ ಬರೆದುಕೊಟ್ಟ. ಬರೆದುಕೊಟ್ಟ ಮೇಲೂ ಕುರಿ ಅವನ ಹಟ್ಟಿಯಲ್ಲೇ ಇದ್ದವು. ಅವನೇ ಉಣ್ಣೆ ಕತ್ತರಿಸಿದ, ತನ್ನದೇ ಗುರುತು ಹಾಕಿದ, ಕೆಲವು ಸಾಮಾನು ಮಾರಿಕೊಂಡ. ಜಪ್ತಿಗೆ ಬಂದವರನ್ನು ಮಾತ್ರ, ಇದು ಟ್ವೈನನದು, ಮುಟ್ಟಬೇಡಿ ಅಂತ ಅಡ್ಡಗಟ್ಟಿದರು.

1602ರ ಈ ಪ್ರಕರಣದಲ್ಲಿ ನ್ಯಾಯಾಲಯ ಇದು ಮೋಸದ ಪತ್ರ ಅಂದಿತು. ಮೋಸ ಗುರುತಿಸುವ ಆರು ಲಕ್ಷಣಗಳನ್ನೂ ಎಣಿಸಿತು. ಏನೂ ಉಳಿಸಿಕೊಳ್ಳದೆ ಎಲ್ಲ ಬರೆದುಕೊಟ್ಟದ್ದು, ಕೊಟ್ಟ ಮೇಲೂ ತನ್ನ ಕೈಯಲ್ಲೇ ಇಟ್ಟುಕೊಂಡದ್ದು, ಗುಟ್ಟಾಗಿ ಮಾಡಿದ್ದು, ಇಂಥವು. ಆರನೆಯದನ್ನು ಓದಿ ನಾನು ಒಬ್ಬನೇ ನಕ್ಕೆ. ಈ ವರ್ಗಾವಣೆ ಪ್ರಾಮಾಣಿಕವಾಗಿ, ನಿಜವಾಗಿ, ಬೋನಾಫೈಡ್ ಆಗಿ ನಡೆದಿದೆ ಅಂತ ಆ ಪತ್ರದಲ್ಲೇ ಬರೆದಿತ್ತು. ನ್ಯಾಯಾಲಯ ಅದನ್ನೇ ಅನುಮಾನದ ಗುರುತು ಅಂದಿತು! ಖರೇ ವ್ಯವಹಾರ ಮಾಡುವವನು ಇದು ಖರೇ ಅಂತ ಬರೆಯಲು ಯಾಕೆ ಹೋಗುತ್ತಾನೆ?

ನಾಲ್ಕು ನೂರು ವರ್ಷದ ಹಿಂದೆ ಕಾಗದದ ಮೇಲೆ ಬೋನಾಫೈಡ್ ಅಂತ ಇದ್ದರೆ ಸಂಶಯ. ಈಗ ಇರದಿದ್ದರೆ ಸಂಶಯ.

18ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಪದ ಜಾರತೊಡಗಿತು. ಒಳ್ಳೆಯ ಮನಸ್ಸಿನಿಂದ ಕೊಂಡ ಅನ್ನೋದು ಹೋಗಿ ಬೋನಾಫೈಡ್ ಗಿರಾಕಿ ಅಂತಾಯಿತು. ಕೆಲಸಕ್ಕೆ ಅಂಟಿಕೊಂಡಿದ್ದ ಮಾತು ಮನುಷ್ಯನಿಗೆ ಅಂಟಿಕೊಂಡಿತು, 'ಅಸಲಿ' ಅನ್ನುವ ಅರ್ಥಕ್ಕೆ ಬಂತು. ಒಮ್ಮೆ ಹಾಗಾದ ಮೇಲೆ, ಯಾರು ಅಸಲಿ ಅಂತ ಅಳೆಯಬೇಕಲ್ಲ? ಅಲ್ಲಿ ತಮಾಷೆ ಶುರು.

ಇಂಗ್ಲೆಂಡಿನಲ್ಲಿ ಆಗ ಭಾನುವಾರ ಹೆಂಡದಂಗಡಿ ತೆರೆಯುವ ಹೊತ್ತಿಗೆ ಕಡಿವಾಣ ಇತ್ತು. ಆದರೆ ದೂರದಿಂದ ಬಂದ 'ಬೋನಾಫೈಡ್ ಪ್ರಯಾಣಿಕ'ನಿಗೆ ವಿನಾಯಿತಿ. 1874ರ ಕಾಯ್ದೆ ಇದಕ್ಕೆ ಅಳತೆ ಕೊಟ್ಟಿತು. ಹಿಂದಿನ ರಾತ್ರಿ ಮಲಗಿದ ಜಾಗ ಅಂಗಡಿಯಿಂದ ಕಡೇಪಕ್ಷ 3 ಮೈಲಿ ದೂರ ಇರಬೇಕು. ಸರಿ, ಈ ಊರವರು ಆ ಊರಿಗೆ, ಆ ಊರವರು ಈ ಊರಿಗೆ ನಡೆದು ಹೋಗಿ ಕುಡಿದರು. ಐರ್ಲೆಂಡಿನಲ್ಲಿ ಇದು 20ನೇ ಶತಮಾನದ ಮಧ್ಯದವರೆಗೂ ನಡೆಯಿತು. ಅಲ್ಲಿ ಇಂಥ ಅಂಗಡಿಗಳಿಗೇ ಬೋನಾಫೈಡ್ ಅನ್ನುವ ಹೆಸರು ಬಿದ್ದಿತ್ತು. ಫಿದೇಸ್ ದೇವತೆ ಇದನ್ನು ನೋಡಿದ್ದರೆ ಏನನ್ನುತ್ತಿದ್ದಳೋ.

ನಮ್ಮ ದೇಶಕ್ಕೆ ಈ ಪದ ಇಂಗ್ಲಿಷರ ಕಾನೂನಿನ ಜೊತೆ ಬಂತು. ಕನ್ನಡದ ಕಾನೂನು ಪುಸ್ತಕಗಳಲ್ಲಿ ಅದು 'ಸದ್ಭಾವನೆ' ಆಯಿತು. ಆದರೆ ಸದ್ಭಾವನೆ ಅಂದರೆ ಏನು ಅನ್ನೋದಕ್ಕೆ ಎರಡು ಕಾಯ್ದೆಗಳಲ್ಲಿ ಎರಡು ಉತ್ತರ. 1897ರ ಸಾಮಾನ್ಯ ಖಂಡಗಳ ಕಾಯ್ದೆ ಪ್ರಕಾರ, ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ಅಜಾಗರೂಕತೆ ಇದ್ದರೂ ಅದು ಸದ್ಭಾವನೆಯೇ. 1860ರ ಭಾರತೀಯ ದಂಡ ಸಂಹಿತೆ ಪ್ರಕಾರ, ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆ ಆಗುವುದಿಲ್ಲ. ಈಗ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಜಮೀನು ಕೊಂಡು ಮೋಸಹೋದವರು 'ಅವನ ಮಾತು ನಂಬಿದ್ದೆ' ಅಂದರೆ ಸಾಲುವುದಿಲ್ಲ. ಪಹಣಿ ನೋಡಿದ್ದೆಯಾ, ಋಣಭಾರ ಪತ್ರ ತೆಗೆಸಿದ್ದೆಯಾ ಅನ್ನುವ ಪ್ರಶ್ನೆ ಬರುತ್ತದೆ. ಕಾನಿಯಸ್ ಪಕ್ಕದ ಮನೆಯವನನ್ನು ಒಂದು ದಿನ ತಡವಾಗಿ ಕೇಳಿದ್ದನಲ್ಲ, ಹಾಗೆ.

ನಮ್ಮಂಥವರ ಮನೆಗಳಿಗೆ ಈ ಪದ ತೀರಾ ಕಠಿಣವಾಗಿ ತಟ್ಟುವುದು ರೈಲಿನಲ್ಲಿ. ದುಡಿಯಲು ಹೋಗುವವರು ಜನರಲ್ ಬೋಗಿಯ ಬಾಗಿಲಲ್ಲಿ ನಿಂತು ಹೋಗುತ್ತಾರೆ. ನೂಕುನುಗ್ಗಲಲ್ಲಿ ಬಿದ್ದು ಸತ್ತರೆ ರೈಲ್ವೆ ಪರಿಹಾರ ಕೊಡಬೇಕು. 2017ರ ಜನವರಿ 1ರಿಂದ ಸಾವಿಗೆ ಅದು 8 ಲಕ್ಷ ರೂಪಾಯಿ. ಆದರೆ ಸತ್ತವನು 'ಬೋನಾಫೈಡ್ ಪ್ರಯಾಣಿಕ' ಆಗಿರಬೇಕು, ಅಂದರೆ ಅವನ ಬಳಿ ಸರಿಯಾದ ಟಿಕೆಟ್ ಇದ್ದಿರಬೇಕು. ಹಳಿ ಪಕ್ಕ ಬಿದ್ದ ದೇಹದ ಅಂಗಿ ಜೇಬಿನಲ್ಲಿ ಆ ಸಣ್ಣ ಚೀಟಿ ಉಳಿದಿರುತ್ತದೆಯೇ? ಟಿಕೆಟ್ ಸಿಗಲಿಲ್ಲ, ಆದ್ದರಿಂದ ಬೋನಾಫೈಡ್ ಅಲ್ಲ ಅನ್ನುವ ವಾದಕ್ಕೆ ಎಷ್ಟೋ ಮನೆಗಳು ಉತ್ತರ ಕೊಡಬೇಕಾಗಿ ಬಂತು.

2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿತು. ಹಳಿಯ ಹತ್ತಿರ ದೇಹ ಸಿಕ್ಕಿತು ಅಂದ ಮಾತ್ರಕ್ಕೆ ಅವನು ಬೋನಾಫೈಡ್ ಪ್ರಯಾಣಿಕ ಅಂತ ಆಗುವುದಿಲ್ಲ. ಹಾಗೆಯೇ ಟಿಕೆಟ್ ಸಿಗಲಿಲ್ಲ ಅಂದ ಮಾತ್ರಕ್ಕೆ ಅಲ್ಲ ಅಂತಲೂ ಆಗುವುದಿಲ್ಲ. ಮೊದಲ ಹೊಣೆ ಪರಿಹಾರ ಕೇಳುವವರದೇ, ಆದರೆ ನಡೆದದ್ದನ್ನು ಹೇಳಿ ಅಫಿಡವಿಟ್ ಸಲ್ಲಿಸಿದರೆ ಆ ಹೊಣೆ ತೀರುತ್ತದೆ. ಆಮೇಲೆ ಅಲ್ಲ ಅಂತ ತೋರಿಸುವ ಹೊಣೆ ರೈಲ್ವೆಯದು. ಈ ಒಂದು ಮಾತು ನಿಮ್ಮ ಊರಿನಲ್ಲಿ ಯಾರಿಗಾದರೂ ಬೇಕಾಗಬಹುದು, ನೆನಪಿಡಿ. ಅರ್ಜಿ ಹಾಕುವುದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಅದರ ಪೀಠ ಬೆಂಗಳೂರಿನಲ್ಲಿದೆ. ಹಳಿ ಪಕ್ಕ ಶವ ಅನ್ನುವ ನಾಲ್ಕು ಸಾಲಿನ ಸುದ್ದಿ ನಾನು ಎಷ್ಟೋ ಬರೆದಿದ್ದೇನೆ. ಟಿಕೆಟ್ ಇತ್ತೇ, ಜೊತೆಗೆ ಯಾರಿದ್ದರು ಅಂತ ಕೇಳಿರಲಿಲ್ಲ. ಈಗ ಕೇಳುತ್ತೇನೆ.

ಇನ್ನು ನಮ್ಮ ಕಡೆ ಈ ಪದ ಮುಟ್ಟಿರುವ ಕೊನೆಯ ನಿಲ್ದಾಣ. ಇಲ್ಲಿ ಬೋನಾಫೈಡ್ ಅಂದರೆ ಮನಸ್ಸೂ ಅಲ್ಲ, ಮನುಷ್ಯನೂ ಅಲ್ಲ, ಕಾಗದ. 'ಬೋನಾಫೈಡ್ ತಗೊಂಡು ಬಾ', 'ನನ್ನ ಬೋನಾಫೈಡ್ ಕಳದೈತಿ' ಅನ್ನುತ್ತೇವೆ. ಲಂಡನ್ನಿನವನಿಗೆ ಈ ಮಾತು ಹೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಹಾಗಂತ ನಾವು ತಪ್ಪು ಮಾಡಿದೆವು ಅನ್ನಲಾರೆ. ಪದವನ್ನು ಅದು ಹೊರಟಿದ್ದ ದಾರಿಯಲ್ಲೇ ಕೊನೆ ಮುಟ್ಟಿಸಿದ್ದೇವೆ ಅಷ್ಟೆ.

ಮಧ್ಯಾಹ್ನ ಪ್ರಿನ್ಸಿಪಾಲರು ಬಂದರು. ನಾನೂ ಒಳಗೆ ಹೋದೆ. "ನೀವ್ಯಾರ್ರೀ?" ಅಂದರು. ವರದಿಗಾರ ಅಂದೆ. "ಕಾರ್ಡ್ ಐತೇನ್ರಿ?" ಕಾರ್ಡ್ ಇಲ್ಲ, ನಾನು ಸ್ಟ್ರಿಂಗರ್. ಸುದ್ದಿ ಲೆಕ್ಕದಲ್ಲಿ ದುಡ್ಡು ಬರುತ್ತದೆ, ಕಾರ್ಡ್ ಬರುವುದಿಲ್ಲ. ಮೂರು ವರ್ಷದ ಹಿಂದೆ ಕಾಡಿಬೇಡಿ ಬರೆಸಿಕೊಂಡ ಒಂದು ಪತ್ರ ಇದೆ, ಲ್ಯಾಮಿನೇಷನ್ ಅಂಚು ಕಿತ್ತಿದೆ. ಅದನ್ನೇ ತೋರಿಸಿದೆ. ತಿರುಗಿಸಿ ನೋಡಿ ವಾಪಸ್ ಕೊಟ್ಟರು.

ಕೊನೆಗೆ ಆದದ್ದು ಇಷ್ಟು. ವಿದ್ಯಾರ್ಥಿವೇತನ ಬಂದ ಕೂಡಲೇ ಬಾಕಿ ಫೀ ಕಟ್ಟುತ್ತೇನೆ ಅಂತ ಹುಡುಗಿ ಮುಚ್ಚಳಿಕೆ ಬರೆದುಕೊಟ್ಟಳು. ಗುಮಾಸ್ತರು ಕಂಪ್ಯೂಟರ್ ಮುಂದೆ ಕೂತು ಟೈಪ್ ಮಾಡಿದರು. ಸಹಿ ಬಿತ್ತು, ಸೀಲ್ ಬಿತ್ತು.

ಬಸ್ಸಿನಲ್ಲಿ ಅವಳು ಕಾಗದವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಎರಡು ಸಲ ಓದಿದಳು.

"ಅಣ್ಣಾ, ಇದರಾಗ ಬೋನಾಫೈಡ್ ಸ್ಪೆಲಿಂಗ್ ತಪ್ಪೈತಿ. ನಡೀತೈತೇನು?"

"ಸೀಲ್ ಐತಲ್ಲ," ಅಂದೆ, "ನಡೀತೈತಿ."