ವೇಟ್‌ಲಿಫ್ಟಿಂಗ್ ಪಾದರಕ್ಷೆ

ವೇಟ್‌ಲಿಫ್ಟಿಂಗ್ ಪಾದರಕ್ಷೆ ಅಥವಾ ವೇಟ್‌ಲಿಫ್ಟಿಂಗ್ ಶೂ ಎಂಬುದು ಭಾರ ಎತ್ತುವ ಕ್ರೀಡೆಗಳಲ್ಲಿ ಹಾಗೂ ವ್ಯಾಯಾಮಶಾಲೆಗಳಲ್ಲಿ ಬಳಸಲಾಗುವ ವಿಶೇಷ ಪಾದರಕ್ಷೆ. ಒತ್ತಿದರೆ ಕುಗ್ಗದ ಗಟ್ಟಿಯಾದ ಅಟ್ಟೆ, ಎತ್ತರಿಸಿದ ಹಿಮ್ಮಡಿ ಮತ್ತು ಪಾದವನ್ನು ಬಿಗಿಯಾಗಿ ಹಿಡಿದಿಡುವ ಪಟ್ಟಿ ಇದರ ಮುಖ್ಯ ಲಕ್ಷಣಗಳು. ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಮತ್ತು ಸ್ಕ್ವಾಟ್ ವ್ಯಾಯಾಮಗಳಿಗೆ ಇದು ಹೆಚ್ಚು ಬಳಕೆಯಲ್ಲಿದೆ. ಡೆಡ್‌ಲಿಫ್ಟ್‌ನಂತಹ ವ್ಯಾಯಾಮಗಳಿಗೆ ತೆಳುವಾದ ಸಮತಟ್ಟು ಅಟ್ಟೆಯ ಪಾದರಕ್ಷೆಗಳನ್ನು ಆರಿಸಿಕೊಳ್ಳುವುದು ರೂಢಿ.

ಹಿನ್ನೆಲೆ

ವೇಟ್‌ಲಿಫ್ಟಿಂಗ್ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿಯೇ ಇದ್ದ ಕ್ರೀಡೆ. ಆರಂಭದ ದಶಕಗಳಲ್ಲಿ ಸ್ಪರ್ಧಿಗಳು ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಭಾರದ ಕೆಳಗೆ ಸರಿಯುವ ವಿಧಾನವನ್ನು ಅನುಸರಿಸುತ್ತಿದ್ದರು. ಮುಂದೆ ಎರಡೂ ಕಾಲುಗಳನ್ನು ಮಡಿಸಿ ಪೂರ್ಣವಾಗಿ ಕುಳಿತು ಭಾರವನ್ನು ಹಿಡಿಯುವ ಸ್ಕ್ವಾಟ್ ವಿಧಾನವು ಪ್ರಚಾರಕ್ಕೆ ಬಂದಿತು. ಆಳವಾಗಿ ಕುಳಿತಾಗಲೂ ಬೆನ್ನನ್ನು ನೇರವಾಗಿರಿಸಬೇಕಾದ ಕಾರಣ ಎತ್ತರದ ಹಿಮ್ಮಡಿಯ ಉಪಯೋಗ ಹೆಚ್ಚಿತು. ಹಳೆಯ ಪಾದರಕ್ಷೆಗಳ ಹಿಮ್ಮಡಿಯನ್ನು ಮರದಿಂದ ಅಥವಾ ಚರ್ಮದ ಪದರಗಳನ್ನು ಒಂದರ ಮೇಲೊಂದು ಜೋಡಿಸಿ ತಯಾರಿಸಲಾಗುತ್ತಿತ್ತು. ಇಂದು ಗಟ್ಟಿ ಪ್ಲಾಸ್ಟಿಕ್‌ನ ಬಳಕೆ ಸಾಮಾನ್ಯವಾಗಿದೆ.

ಕರ್ನಾಟಕದಲ್ಲಿ ಭಾರ ಎತ್ತುವ ಪರಂಪರೆ ಹಳೆಯದು. ಗರಡಿ ಮನೆಗಳ ಸಾಧನೆಯೂ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಲ್ಲುಗುಂಡು ಎತ್ತುವ ಪಂದ್ಯಗಳೂ ಸಾಮಾನ್ಯವಾಗಿ ಬರಿಗಾಲಿನಲ್ಲಿ ನಡೆಯುತ್ತ ಬಂದಿವೆ. ಆಧುನಿಕ ವೇಟ್‌ಲಿಫ್ಟಿಂಗ್‌ನಲ್ಲಿ ಉಡುಪಿ ಜಿಲ್ಲೆಯ ಗುರುರಾಜ್ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಹಾಗೂ 2022ರ ಕೂಟದಲ್ಲಿ ಕಂಚಿನ ಪದಕ ಗಳಿಸಿದ್ದಾರೆ.

ರಚನೆ

ಅಟ್ಟೆ: ಓಟದ ಶೂಗಳ ಅಟ್ಟೆಯಲ್ಲಿರುವ ಮೃದುವಾದ ಫೋಮ್ ನೆಲದ ಹೊಡೆತವನ್ನು ತಗ್ಗಿಸಲು ರೂಪಿಸಿದ್ದು. ಭಾರ ಹೊತ್ತು ನಿಂತಾಗ ಅದೇ ಫೋಮ್ ಅಸಮವಾಗಿ ಕುಗ್ಗಿ ಪಾದ ಅತ್ತಿತ್ತ ವಾಲಲು ಎಡೆಮಾಡಿಕೊಡುತ್ತದೆ. ಕುಗ್ಗದ ಅಟ್ಟೆಯ ಮೇಲೆ ನಿಂತವರಿಗೆ ನೆಲದ ಸ್ಥಿರವಾದ ಆಧಾರ ದೊರೆಯುತ್ತದೆ. ಕಾಲಿನಿಂದ ಒತ್ತಿದ ಬಲವೂ ನೆಲಕ್ಕೆ ನೇರವಾಗಿ ತಲುಪುತ್ತದೆ.

ಹಿಮ್ಮಡಿ: ಹಿಮ್ಮಡಿಗೂ ಮುಂಗಾಲಿಗೂ ನಡುವಿನ ಎತ್ತರದ ವ್ಯತ್ಯಾಸ ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಇರುತ್ತದೆ. ಸುಮಾರು 19 ಮಿ.ಮೀ. ಹೆಚ್ಚು ಪ್ರಚಲಿತವಾದ ಅಳತೆ. ಹೊರಗಿನಿಂದ ಕಾಣುವ ಹಿಮ್ಮಡಿಯ ಒಟ್ಟು ಎತ್ತರವಲ್ಲ, ಈ ವ್ಯತ್ಯಾಸವೇ ದೇಹದ ಭಂಗಿಯ ಮೇಲೆ ಪರಿಣಾಮ ಬೀರುತ್ತದೆ.

ಪಟ್ಟಿ: ಲೇಸಿನ ಜೊತೆಗೆ ಪಾದದ ಮೇಲ್ಭಾಗಕ್ಕೆ ಅಡ್ಡಲಾಗಿ ಒಂದು ಅಥವಾ ಎರಡು ಪಟ್ಟಿಗಳಿರುತ್ತವೆ. ಪಾದವು ಶೂವಿನೊಳಗೆ ಜಾರದಂತೆ ಇವು ತಡೆಯುತ್ತವೆ.

ದೇಹದ ಚಲನೆಯ ಮೇಲಿನ ಪರಿಣಾಮ

ಸ್ಕ್ವಾಟ್ ಮಾಡುವಾಗ ಮೊಣಕಾಲು ಮುಂದಕ್ಕೆ ಬರಬೇಕಾದರೆ ಪಾದದ ಕೀಲು ಸಾಕಷ್ಟು ಬಾಗಬೇಕು. ಅದು ಬಾಗದಿದ್ದಲ್ಲಿ ಹಿಮ್ಮಡಿ ನೆಲದಿಂದ ಮೇಲೇಳುತ್ತದೆ ಅಥವಾ ದೇಹದ ಮೇಲ್ಭಾಗ ಅತಿಯಾಗಿ ಮುಂದಕ್ಕೆ ಬಾಗುತ್ತದೆ. ಎತ್ತರಿಸಿದ ಹಿಮ್ಮಡಿಯು ಕೀಲು ಬಾಗಬೇಕಾದ ಪ್ರಮಾಣವನ್ನು ತಗ್ಗಿಸುವುದರಿಂದ ಬೆನ್ನನ್ನು ಹೆಚ್ಚು ನೇರವಾಗಿರಿಸಿ ಆಳವಾಗಿ ಕುಳಿತುಕೊಳ್ಳಲು ಸಾಧ್ಯವಾಗುತ್ತದೆ. ಆಗ ಮೊಣಕಾಲು ಮತ್ತು ತೊಡೆಯ ಮುಂಭಾಗದ ಸ್ನಾಯುಗಳ ಮೇಲಿನ ಕೆಲಸ ಹೆಚ್ಚುತ್ತದೆ.

ಪಾದದ ಕೀಲಿನ ಬಾಗುವಿಕೆಯನ್ನು ಸರಳವಾಗಿ ಪರೀಕ್ಷಿಸಬಹುದು. ಗೋಡೆಗೆ ಎದುರಾಗಿ, ಕಾಲ್ಬೆರಳು ಗೋಡೆಯಿಂದ ಸುಮಾರು 10 ಸೆಂ.ಮೀ. ದೂರದಲ್ಲಿರುವಂತೆ ಪಾದವನ್ನಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಲು ಪ್ರಯತ್ನಿಸಬೇಕು. ತಾಗಿಸಲಾಗದವರಿಗೆ ಎತ್ತರದ ಹಿಮ್ಮಡಿಯಿಂದ ಹೆಚ್ಚು ಪ್ರಯೋಜನವಾಗುವ ಸಾಧ್ಯತೆಯಿದೆ.

ವ್ಯಾಯಾಮಕ್ಕೆ ತಕ್ಕ ಆಯ್ಕೆ

ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್: ಎತ್ತರದ ಹಿಮ್ಮಡಿಯ ವೇಟ್‌ಲಿಫ್ಟಿಂಗ್ ಪಾದರಕ್ಷೆ ಸೂಕ್ತ.

ಸ್ಕ್ವಾಟ್: ಬಾರ್ ಅನ್ನು ಕುತ್ತಿಗೆಯ ಬುಡದಲ್ಲಿ ಅಥವಾ ಎದೆಯ ಮುಂದೆ ಹೊರುವವರಿಗೆ ಎತ್ತರದ ಹಿಮ್ಮಡಿ ಅನುಕೂಲಕರ. ಬಾರ್ ಅನ್ನು ಬೆನ್ನಿನ ಮೇಲೆ ಸ್ವಲ್ಪ ಕೆಳಗಿರಿಸಿ, ಸೊಂಟವನ್ನು ಹಿಂದಕ್ಕೆ ಸರಿಸಿ ಕುಳಿತುಕೊಳ್ಳುವವರಲ್ಲಿ ಹಲವರು ಸಮತಟ್ಟು ಅಟ್ಟೆಯನ್ನು ಬಯಸುತ್ತಾರೆ.

ಡೆಡ್‌ಲಿಫ್ಟ್: ಅಟ್ಟೆ ತೆಳುವಾದಷ್ಟೂ ಬಾರ್ ಅನ್ನು ಎತ್ತಬೇಕಾದ ದೂರ ಕಡಿಮೆಯಾಗುತ್ತದೆ. ಎತ್ತರದ ಹಿಮ್ಮಡಿಯು ದೇಹದ ತೂಕವನ್ನು ಮುಂಗಾಲಿನ ಕಡೆಗೆ ವಾಲಿಸಬಹುದು. ಆದುದರಿಂದ ತೆಳು ಅಟ್ಟೆಯ ಡೆಡ್‌ಲಿಫ್ಟ್ ಚಪ್ಪಲಿ, ಕುಸ್ತಿಯ ಶೂ ಅಥವಾ ಕ್ಯಾನ್ವಾಸ್ ಶೂಗಳನ್ನು ಧರಿಸಲಾಗುತ್ತದೆ.

ಮಿಶ್ರ ವ್ಯಾಯಾಮ: ಓಟ, ಜಿಗಿತ ಮತ್ತು ಭಾರ ಎತ್ತುವಿಕೆಯನ್ನು ಒಂದೇ ಅವಧಿಯಲ್ಲಿ ಮಾಡುವವರಿಗೆ ಅಟ್ಟೆ ತಕ್ಕಮಟ್ಟಿಗೆ ಗಟ್ಟಿಯಾಗಿದ್ದು ಮುಂಗಾಲಿನಲ್ಲಿ ಬಾಗುವ ತರಬೇತಿ ಶೂ ಸೂಕ್ತ. ವೇಟ್‌ಲಿಫ್ಟಿಂಗ್ ಪಾದರಕ್ಷೆಯನ್ನು ಧರಿಸಿ ಓಡುವುದು ಸೂಕ್ತವಲ್ಲ.

ಸ್ಪರ್ಧಾ ನಿಯಮಗಳು

ಒಲಿಂಪಿಕ್ ಮಾದರಿಯ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಪಾದರಕ್ಷೆ ಧರಿಸುವುದು ಕಡ್ಡಾಯ. ಸ್ಕ್ವಾಟ್, ಬೆಂಚ್ ಪ್ರೆಸ್ ಮತ್ತು ಡೆಡ್‌ಲಿಫ್ಟ್‌ಗಳನ್ನೊಳಗೊಂಡ ಪವರ್‌ಲಿಫ್ಟಿಂಗ್‌ನಲ್ಲಿ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ನಿಯಮದಂತೆ ಅಟ್ಟೆಯ ಯಾವ ಭಾಗವೂ 5 ಸೆಂ.ಮೀ.ಗಿಂತ ಎತ್ತರವಿರಬಾರದು. ಡೆಡ್‌ಲಿಫ್ಟ್ ಚಪ್ಪಲಿಗಳಿಗೆ ಅವಕಾಶವಿದ್ದರೂ ಬರಿಗಾಲಿನಲ್ಲಿ ಸ್ಪರ್ಧಿಸುವಂತಿಲ್ಲ.

ಅಳತೆ ಮತ್ತು ಖರೀದಿ

ದಿನವಿಡೀ ನಡೆದಾಡಿದ ಬಳಿಕ ಪಾದ ಸ್ವಲ್ಪ ಹಿಗ್ಗುವುದರಿಂದ ಸಂಜೆಯ ಹೊತ್ತಿನಲ್ಲಿ ಅಳತೆ ನೋಡುವುದು ಒಳ್ಳೆಯದು. ಹಿಮ್ಮಡಿ ಶೂವಿನೊಳಗೆ ಮೇಲೇಳಬಾರದು. ಬೆರಳುಗಳು ಮುದುಡದೆ ಹರಡಿಕೊಳ್ಳುವಷ್ಟು ಜಾಗವಿರಬೇಕು. ಅಟ್ಟೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಅದು ತಗ್ಗಿದರೆ ಭಾರ ಎತ್ತಲು ಅದು ತಕ್ಕದ್ದಲ್ಲ. ಹೊಸದಾಗಿ ಕಲಿಯುವವರು ದುಬಾರಿ ಪಾದರಕ್ಷೆಯನ್ನು ಕೂಡಲೇ ಕೊಳ್ಳಬೇಕಾಗಿಲ್ಲ. ಗಟ್ಟಿಯಾದ ಸಮತಟ್ಟು ರಬ್ಬರ್ ಅಟ್ಟೆಯ ಸಾಧಾರಣ ಕ್ಯಾನ್ವಾಸ್ ಶೂ ಆರಂಭಿಕ ತರಬೇತಿಗೆ ಸಾಕಾಗುತ್ತದೆ. ಹಿಮ್ಮಡಿಯ ಕೆಳಗೆ ಬಿಡಿಯಾದ ತೂಕದ ತಟ್ಟೆಗಳನ್ನಿಟ್ಟು ಭಾರವಾದ ಸ್ಕ್ವಾಟ್ ಮಾಡುವ ಅಭ್ಯಾಸ ಕೆಲವೆಡೆ ಇದೆ. ತಟ್ಟೆ ಜಾರಿದರೆ ಆಯ ತಪ್ಪುವ ಅಪಾಯವಿದೆ.

ಮಿತಿಗಳು

ಪಾದರಕ್ಷೆಯು ತಪ್ಪಾದ ತಂತ್ರವನ್ನು ಸರಿಪಡಿಸುವುದಿಲ್ಲ. ಪಾದದ ಕೀಲಿನ ಬಿಗಿತವನ್ನು ಹಿಮ್ಮಡಿಯ ಎತ್ತರ ಸರಿದೂಗಿಸಬಲ್ಲದೇ ಹೊರತು ನಿವಾರಿಸಲಾರದು. ಅದಕ್ಕೆ ಮೀನಖಂಡ ಮತ್ತು ಕೀಲಿನ ಪ್ರತ್ಯೇಕ ವ್ಯಾಯಾಮ ಬೇಕು. ಮೊಣಕಾಲಿನ ಮುಂಭಾಗದಲ್ಲಿ ನೋವಿರುವವರು ಎತ್ತರದ ಹಿಮ್ಮಡಿಯನ್ನು ಬಳಸುವ ಮುನ್ನ ವೈದ್ಯರ ಅಥವಾ ಭೌತಚಿಕಿತ್ಸಕರ ಸಲಹೆ ಪಡೆಯುವುದು ಸೂಕ್ತ. ಸಾಮಾನ್ಯ ವೇಟ್‌ಲಿಫ್ಟಿಂಗ್ ಪಾದರಕ್ಷೆಗಳಲ್ಲಿ ಬೆರಳುಗಳನ್ನು ರಕ್ಷಿಸುವ ಉಕ್ಕಿನ ಕವಚ ಇರುವುದಿಲ್ಲ. ಕಾಲಿನ ಮೇಲೆ ಬೀಳುವ ತಟ್ಟೆಯ ಪೆಟ್ಟನ್ನು ಅವು ತಡೆಯಲಾರವು. ಹೀಗಾಗಿ ಬಾರ್‌ನ ತುದಿಗಳಿಗೆ ಬಿಗಿ ಹಿಡಿಕೆಗಳನ್ನು ಹಾಕುವುದು, ತಟ್ಟೆಗಳನ್ನು ಎರಡೂ ಕೈಗಳಿಂದ ಎತ್ತಿಡುವುದು ಮುಂತಾದ ಎಚ್ಚರಿಕೆಗಳು ಯಾವುದೇ ಪಾದರಕ್ಷೆ ಧರಿಸಿದ್ದರೂ ಅಗತ್ಯ.