ದೊಡ್ಡರೋಗ ಹೋದ ಕಥೆ

ಹೋದ ತಿಂಗಳು ಮನೇಲಿ ಮಾತಿಗೆ ಮಾತು ಬಂದು, "ಆಗೆಲ್ಲ ದೊಡ್ಡರೋಗ ಬಂತು ಅಂದ್ರೆ ಕೊಟ್ಟಿಗೆನೇ ಖಾಲಿ" ಅಂದೆ. ನಮ್ಮ ಸೊಸೆ ಗಾಬರಿಯಾಗಿ, "ಯಾರಿಗತ್ತೆ ಕ್ಯಾನ್ಸರು?" ಅಂದ್ಲು. ಅವಳ ತಪ್ಪಲ್ಲ ಬಿಡಿ. ದನಕ್ಕೆ ಬರ್ತಿದ್ದ ದೊಡ್ಡರೋಗನ ಅವಳ ವಯಸ್ಸಿನೋರು ಯಾರೂ ಕಂಡಿಲ್ಲ, ಕೇಳಿಲ್ಲ. ಪುಸ್ತಕದಲ್ಲಿ ಅದಕ್ಕೆ ರಿಂಡರ್‌ಪೆಸ್ಟ್ ಅಂತಾರೆ. ಅದು ಹೇಗೆ ಹೋಯ್ತು ಅಂತ ನಿಮಗೂ ಹೇಳೋಣ ಅನ್ನಿಸ್ತು, ಯಾಕಂದ್ರೆ ಅದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ.

ಈಗ ಮೆಟ್ರೋ ಸ್ಟೇಷನ್ನಿನ ಬೋರ್ಡಿನ ಮೇಲೆ ಮಾತ್ರ 'ಹಳ್ಳಿ' ಉಳಿದಿರೋ ನಮ್ಮ ಹೊಸಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಅತ್ತೆ ಎರಡು ಹಸು ಕಟ್ಟಿದ್ರು. ದೊಡ್ಡರೋಗದ ಲಕ್ಷಣ ಅವರ ಬಾಯಲ್ಲೇ ಕೇಳಿದ್ದು. ಮೊದಲು ಮೈ ಕಾದು ಮೇವು ಬಿಡುತ್ತೆ. ಕಣ್ಣು ಮೂಗು ಸೋರುತ್ತೆ. ಬಾಯೊಳಗೆ, ಒಸಡಿನ ಮೇಲೆ ಹೊಟ್ಟು ಉದುರಿಸಿದ ಹಾಗೆ ಹುಣ್ಣು. ಆಮೇಲೆ ಹತ್ತಿರ ನಿಲ್ಲೋಕಾಗದಂಥ ನಾತದ ಭೇದಿ. ವಾರ ಹತ್ತು ದಿನದಲ್ಲಿ ದನ ಒಣಗಿ ನೆಲ ಹಿಡಿಯುತ್ತೆ. ಒಂದಕ್ಕೆ ಬಂದ್ರೆ ಪಕ್ಕದ್ದಕ್ಕೂ ಗ್ಯಾರಂಟಿ. ಗಂಡಸರಿಗೆ ಉಳೋ ಎತ್ತು ಹೋಯ್ತು ಅಂತ ಸಂಕಟ ಆದ್ರೆ, ಹೆಂಗಸರಿಗೆ ತುಪ್ಪದ ಕಾಸು, ಮಕ್ಕಳ ಹಾಲು, ಬೆರಣಿ ಎಲ್ಲ ಒಂದೇ ವಾರದಲ್ಲಿ ನಿಂತುಹೋಗೋದು.

ಮಾರಿ ಬಂದ್ಲು ಅನ್ನೋರು. ಮಾರಮ್ಮನಿಗೆ ತಂಬಿಟ್ಟಿನ ಆರತಿ ಎತ್ತಿ, ಮಡಿಲಕ್ಕಿ ಕೊಟ್ಟು, ಊರ ಗಡಿ ದಾಟಿಸೋರು. ಹೊರಗಿನ ದನನ ಒಳಗೆ ಬಿಡ್ತಿರಲಿಲ್ಲ. ಈಗ ನಗೋರು ನಗಲಿ, ಆದ್ರೆ ಗಡಿ ಕಟ್ಟೋದ್ರಲ್ಲಿ ಬುದ್ಧಿ ಇತ್ತು. ಇದು ಒಂದು ದನದಿಂದ ಇನ್ನೊಂದಕ್ಕೆ ಉಸಿರು, ಜೊಲ್ಲು, ಸಗಣಿಯಿಂದ ಹರಡೋ ವೈರಸ್ಸು. ನಮ್ಮ ಮಕ್ಕಳಿಗೆ ಬರ್ತಿತ್ತಲ್ಲ ದಡಾರ, ಅದಕ್ಕೂ ಇದಕ್ಕೂ ಒಂದೇ ವಂಶ.

ನಮ್ಮ ದೇಶ ಒಂದರದ್ದೇ ಗೋಳಲ್ಲ ಇದು. ಪ್ರಪಂಚದ ಮೊದಲನೇ ಪಶುವೈದ್ಯ ಶಾಲೆ 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಶುರುವಾಗಿದ್ದೇ ಈ ರೋಗದ ಕಾಟಕ್ಕೆ. 1890ರ ದಶಕದಲ್ಲಿ ಆಫ್ರಿಕಾಗೆ ಹೊಕ್ಕು ಅಲ್ಲಿನ ದನ ಬಹುಪಾಲು ಸತ್ತು, ಜನ ಹೊಟ್ಟೆಗಿಲ್ಲದೆ ಸತ್ರು. ನಮ್ಮಲ್ಲಿ 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆ ಆಯ್ತು. ನಾಲ್ಕು ವರ್ಷಕ್ಕೆ ಅದನ್ನ ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದ್ರು. ಕ್ಷಯದ ಕ್ರಿಮಿ ಕಂಡುಹಿಡಿದ ರಾಬರ್ಟ್ ಕಾಖ್ 1897ರಲ್ಲಿ ಇದೇ ರೋಗದ ವಿಷಯಕ್ಕೆ ಅಲ್ಲಿಗೆ ಬಂದಿದ್ರಂತೆ.

ಮೈಸೂರು ಸಂಸ್ಥಾನದ ಸರದಿ 1925ರಲ್ಲಿ. ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಅಂತ ಬೆಂಗಳೂರಲ್ಲಿ ಶುರು ಮಾಡಿದ್ರು, ಮುಖ್ಯವಾಗಿ ದೊಡ್ಡರೋಗಕ್ಕೆ ಸೀರಂ ಮಾಡೋಕೆ. ಹೆಬ್ಬಾಳದಲ್ಲಿರೋ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅಂದ್ರೆ ಅದೇ. ಬಳ್ಳಾರಿ ರಸ್ತೆ ಬಸ್ಸಲ್ಲಿ ಎಷ್ಟೋ ಸಲ ಆ ಕಡೆ ಹೋಗಿದೀವಿ, ಒಳಗೆ ಏನು ನಡೆದಿತ್ತು ಅಂತ ಯಾರು ಯೋಚನೆ ಮಾಡ್ತಾರೆ?

ಸೀರಂ ಅಂದ್ರೆ, ರೋಗ ತಡೆದುಕೊಂಡು ಗಟ್ಟಿಯಾದ ದನದ ರಕ್ತ ತೆಗೆದು, ಅದು ಹೆಪ್ಪುಗಟ್ಟಿದ ಮೇಲೆ ಬರೋ ತಿಳಿ. ಮಜ್ಜಿಗೆ ಮೇಲೆ ತಿಳಿ ನಿಲ್ಲುತ್ತಲ್ಲ, ಹಾಗೆ. ಅದನ್ನ ಚುಚ್ಚಿದ್ರೆ ರಕ್ಷಣೆ ಆವತ್ತಿಂದಲೇ ಸಿಗುತ್ತೆ, ಆದ್ರೆ ಎರಡು ವಾರಕ್ಕೆ ಮುಗೀತು, ಸಾಲ ತಂದ ರಾಗಿ ಥರ. ಅದಕ್ಕೇ ಸೀರಂ ಜೊತೆಗೆ ರೋಗದ ದನದ ರಕ್ತನೂ ಒಂದಿಷ್ಟು ಚುಚ್ಚೋರು. ಸಣ್ಣಗೆ ರೋಗ ಬಂದು ಹೋಗಿ, ಆಮೇಲೆ ಜನ್ಮಪೂರ್ತಿ ಬರದ ಹಾಗಾಗೋದು. ಒಳ್ಳೆ ಉಪಾಯವೇ, ಆದ್ರೆ ಆ ರಕ್ತದ ಜೊತೆ ಬೇರೆ ರೋಗದ ಕ್ರಿಮಿನೂ ಒಳಗೆ ಸೇರೋ ಭಯ. ನಮ್ಮ ದನಕ್ಕೆ ರೋಗನೇ ಚುಚ್ತಾರೆ ಅಂತ ಹೆದರಿ ಹಿತ್ತಲಲ್ಲಿ ಬಚ್ಚಿಟ್ಟೋರನ್ನ ನಾನಂತೂ ಬೈಯಲ್ಲ.

1920ರ ದಶಕದಲ್ಲಿ ಮುಕ್ತೇಶ್ವರದ ಎಡ್ವರ್ಡ್ಸ್ ಅನ್ನೋರು ಈ ವೈರಸ್ಸನ್ನ ಮೇಕೆಯಿಂದ ಮೇಕೆಗೆ ದಾಟಿಸ್ತಾ ದಾಟಿಸ್ತಾ ಹೋದ್ರು. ದಾಟಿದಷ್ಟೂ ದನದ ಮೇಲೆ ಅದರ ಉಗ್ರ ಇಳೀತು. ಅದೇ ಮೇಕೆ ಲಸಿಕೆ. ಅಗ್ಗ, ನಾಟಿ ದನಕ್ಕೆ ಒಗ್ಗಿತು. 1954ರಲ್ಲಿ ದೇಶದ ತುಂಬ ಹಾಕೋಕೆ ಶುರು ಮಾಡಿದ್ದು ಇದನ್ನೇ. ಆದ್ರೆ ಜರ್ಸಿ ಮಿಶ್ರ ಹಸುಗಳಿಗೆ ಇದು ಜೋರಾಯ್ತು. ಅಷ್ಟರಲ್ಲಿ ಪ್ಲೋರೈಟ್ ಅನ್ನೋ ಡಾಕ್ಟ್ರು ಕೀನ್ಯಾದಲ್ಲಿ, ಕರುವಿನ ಮೂತ್ರಪಿಂಡದ ಜೀವಕೋಶದಲ್ಲಿ ವೈರಸ್ ಬೆಳೆಸಿ ಇನ್ನೂ ಸಾಧುವಾದ ಲಸಿಕೆ ಮಾಡಿದ್ರು. ಯಾವ ತಳಿಗಾದ್ರೂ ಆಗುತ್ತೆ, ಒಂದೇ ಸಲ ಸಾಕು, ಐಸ್ ಪೆಟ್ಟಿಗೆ ಮಾತ್ರ ಬೇಕು.

ಇಷ್ಟೆಲ್ಲ ಆದ್ರೂ ದಕ್ಷಿಣದಲ್ಲಿ ರೋಗ ಹೋಗ್ಲಿಲ್ಲ. ಸಂತೆಯಿಂದ ಸಂತೆಗೆ ದನ ನಡೀತಾನೇ ಇದ್ವು. ಜೊತೆಗೆ ಒಂದು ಗೊಂದಲ: ಕುರಿ ಮೇಕೆಗೂ ಅಂಥದ್ದೇ ಕಾಯಿಲೆ ಬರ್ತಿತ್ತು. ಇಲ್ಲೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಎಂ.ಎಸ್. ಶೈಲಾ ಅವರ ಹೆಸರು ಬರೋದು. 1987ರಲ್ಲಿ ತಮಿಳುನಾಡಿನ ಕುರಿಗಳಲ್ಲಿ ಕಂಡಿದ್ದು ದೊಡ್ಡರೋಗ ಅಲ್ಲ, ಅದರ ದಾಯಾದಿ ಪಿಪಿಆರ್ ಅಂತ ತೋರಿಸಿಕೊಟ್ಟೋರಲ್ಲಿ ಅವರೂ ಒಬ್ರು. ಮುಂದೆ ಅವರೂ ಲಕ್ಷ್ಮಿ ಸೀತಾ ಅವರೂ ಸೇರಿ ಕಡಲೇಕಾಯಿ ಗಿಡದೊಳಗೇ ದೊಡ್ಡರೋಗದ ವೈರಸ್ಸಿನ ಒಂದು ಪ್ರೋಟೀನ್ ಬರೋ ಹಾಗೆ ಮಾಡಿ, ಆ ಗಿಡ ತಿಂದ ದನಕ್ಕೆ ರೋಗದ ವಿರುದ್ಧ ಶಕ್ತಿ ಹುಟ್ಟುತ್ತೆ ಅಂತ 2003ರಲ್ಲಿ ಬರೆದ್ರು. ಬಸವನಗುಡಿ ಪರಿಷೆಗೆ ಹೋಗಿ ಸೇರುಗಟ್ಟಲೆ ಕಡಲೇಕಾಯಿ ತರೋ ನಮಗೆ ಇದು ಹೊಳೀತಿತ್ತಾ ಹೇಳಿ! ಅದರ ಕೆಲಸ ಬೀಳಲಿಲ್ಲ, ಅಷ್ಟೊತ್ತಿಗೆ ರೋಗವೇ ಇರಲಿಲ್ಲ.

ಕೊನೆ ಕೇಸು 1995ರಲ್ಲಿ. ಅದಾದ ಮೇಲೆ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಧೈರ್ಯದ್ದು ಅನ್ನಿಸುತ್ತೆ: ಲಸಿಕೆ ಹಾಕೋದನ್ನೇ ನಿಲ್ಲಿಸಿದ್ರು. ಲಸಿಕೆ ಹಾಕಿದ ದನದ ರಕ್ತಕ್ಕೂ ರೋಗ ಬಂದು ಹೋದ ದನದ ರಕ್ತಕ್ಕೂ ಪರೀಕ್ಷೆಯಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ರೋಗ ನಿಜವಾಗಿ ಹೋಗಿದೆಯಾ ಅಂತ ತಿಳಿಬೇಕಾದ್ರೆ ಸೂಜಿ ಕೆಳಗಿಟ್ಟು ಕಾಯಲೇಬೇಕು. ಕಾದ್ರು. ಊರೂರಿಗೆ ಹೋಗಿ ರಕ್ತ ತೆಗೆದ್ರು, ಮನೆಮನೆ ವಿಚಾರಿಸಿದ್ರು. ಮಾಗಡಿ ಕಡೆ ನಮ್ಮ ತವರಿಗೂ ಬಂದಿದ್ರು. "ಬಾಯಿ ಹುಣ್ಣು, ಭೇದಿ, ಕಣ್ಣು ಸೋರೋ ದನ ಕಂಡ್ರೇನಮ್ಮ?" ಅಂತ ಅವರು ಕೇಳಿದ್ದು ಅಪ್ಪನ್ನಲ್ಲ, ಅಮ್ಮನ್ನ. ದಿನಾ ಎರಡು ಹೊತ್ತು ಕೆಚ್ಚಲ ಹತ್ರ ಕೂರೋಳು ಅವಳೇ ತಾನೆ. 2006ರಲ್ಲಿ ಭಾರತಕ್ಕೆ ರೋಗ ಇಲ್ಲ ಅಂತ ಪತ್ರ ಬಂತು. 2011ರಲ್ಲಿ ಇಡೀ ಪ್ರಪಂಚದಲ್ಲೇ ಇಲ್ಲ ಅಂತ ಸಾರಿದ್ರು. ಮನುಷ್ಯರ ಸಿಡುಬು ಬಿಟ್ರೆ ಹೀಗೆ ಪೂರ್ತಿ ನಿರ್ಮೂಲ ಆಗಿರೋದು ಇದೊಂದೇ.

ಹಿಂದಿನ ಬೀದಿಲಿ ಹಸು ಕಟ್ಟಿರೋರು ಕೇಳಿದ್ರು: ಹಾಗಾದ್ರೆ ಕಾಲುಬಾಯಿ ಜ್ವರಕ್ಕೆ ಯಾಕೆ ಆರಾರು ತಿಂಗಳಿಗೂ ಬಂದು ಚುಚ್ತಾರೆ, ಹಾಲು ಬೇರೆ ಎರಡು ದಿನ ಕಮ್ಮಿ ಆಗುತ್ತೆ, ಒಂದೇ ಸಲ ಹಾಕಿ ಮುಗಿಸಬಾರದಾ ಅಂತ. ದೊಡ್ಡರೋಗದ ವೈರಸ್ ಎಲ್ಲಿದ್ರೂ ಒಂದೇ ಜಾತಿ, ಒಂದು ಸಲದ ಲಸಿಕೆ ಕೊನೇತನಕ ಕಾಯ್ತಿತ್ತು. ಕಾಲುಬಾಯಿಯದ್ದರಲ್ಲಿ ನಮ್ಮ ದೇಶದಲ್ಲೇ ಮೂರು ಜಾತಿ ಇವೆ, ಲಸಿಕೆಯ ಬಲ ಆರು ತಿಂಗಳಿಗೆ ಇಳಿದುಹೋಗುತ್ತೆ. ಹಂದಿಗೂ, ಕುರಿ ಮೇಕೆಗೂ ಅದು ಬರುತ್ತೆ. ಅದಕ್ಕೇ ದನದ ಡಾಕ್ಟ್ರು ಮತ್ತೆ ಮತ್ತೆ ಬರೋದು, ಕಾಸು ತಗೊಳಲ್ಲ, ಬಂದಾಗ ಹಸು ಹಿಡ್ಕೊಂಡು ನಿಂತ್ರೆ ಸಾಕು.