ನೈಟ್ರೊ ಎಂಜಿನ್: ದೋಷನಿದಾನ

ರೇಡಿಯೋ ನಿಯಂತ್ರಿತ ಮಾದರಿ ಟ್ರಕ್ಕನ್ನು ನಡೆಸುವ, ಮೆಥನಾಲ್, ಎಣ್ಣೆ ಹಾಗೂ ಸಾಮಾನ್ಯವಾಗಿ ನೂರಕ್ಕೆ 10ರಿಂದ 30ರಷ್ಟು ನೈಟ್ರೊಮೀಥೇನ್ ಬೆರೆತ ಇಂಧನದಿಂದ ಓಡುವ ಪುಟ್ಟ ಟೂ-ಸ್ಟ್ರೋಕ್ ಎಂಜಿನ್ನು ಸ್ತಬ್ಧವಾದಾಗ ಅದರ ಕಾರಣವನ್ನು ಕ್ರಮವಾಗಿ ಅರಸುವ ವಿಧಾನ. ಮೊದಲು ಗ್ಲೋ ಪ್ಲಗ್ಗನ್ನು ಪರೀಕ್ಷಿಸತಕ್ಕುದು. ಬ್ಯಾಟರಿಗೆ ಜೋಡಿಸಿದಾಗ ಅದರ ಸುರುಳಿ ಪ್ರಜ್ವಲಿಸದಿದ್ದರೆ ಬದಲಿಸಬೇಕು. ಮೆಥನಾಲ್ ವಾಯುವಿನ ತೇವವನ್ನು ಹೀರುವುದರಿಂದ, ತೆರೆದಿಟ್ಟ ಹಳೆಯ ಇಂಧನವೂ ಶಂಕಾರ್ಹ. ಕಾರ್ಬ್ಯುರೇಟರಿನ ಸೂಜಿಯನ್ನು ಅತಿಯಾಗಿ ಬಿಗಿದರೆ ಇಂಧನದೊಡನೆ ಅದರಲ್ಲಿಯ ಎಣ್ಣೆಯೂ ಕಡಿಮೆಯಾಗಿ ಎಂಜಿನ್ನು ಕಾದು ನಿಲ್ಲುವುದು. ಅತಿಯಾಗಿ ಸಡಿಲಿಸಿದರೆ ದಟ್ಟ ಹೊಗೆಯುಗುಳುತ್ತ ಮಂದಗತಿಯಾಗುವುದು. ಇವೆಲ್ಲ ಸರಿಯಿದ್ದೂ ವೇಗ ಅಸ್ಥಿರವಾಗಿದ್ದರೆ ಗಾಳಿಯ ಸೋರಿಕೆಯನ್ನೂ, ತಣ್ಣಗಿರುವಾಗ ಫ್ಲೈವೀಲನ್ನು ಕೈಯಿಂದ ತಿರುಗಿಸಿದರೆ ಪಿಸ್ಟನ್ನು ಸಿಲಿಂಡರಿನ ಶಿರೋಭಾಗದಲ್ಲಿ ಬಿಗಿತವನ್ನು ತೋರದಿದ್ದಲ್ಲಿ ಅವುಗಳ ಸವೆತವನ್ನೂ ಊಹಿಸತಕ್ಕುದು.